ಚೀನೀ ಹೂದಾನಿಯೂ ನನ್ನ ತಂಗಿಯ ಫೀಸೂ!

ಚಿತ್ರರಸಿಕ ಮಿತ್ರರೇ, ನಿಮಗೊಂದು ಪ್ರಶ್ನೆ.

ಹಳೆಯ ಸಿನಿಮಾಗಳಲ್ಲಿ ಖಳನಾಯಕನ ಬಂಗಲೆಯ ಮೂಲೆಯಲ್ಲಿ ಒಂದು ದೊಡ್ಡ ಹೂದಾನಿ ಇರುತ್ತಿತ್ತಲ್ಲ? ಬಿಳಿ ಮೈ, ಅದರ ತುಂಬ ನೀಲಿ ಡ್ರ್ಯಾಗನ್... ಅದು ಅಲ್ಲಿ ಯಾಕಿತ್ತು? ಹೂವಿಡಲಿಕ್ಕೆ ಅಂದುಕೊಂಡಿರಾ? ಅಲ್ಲ ಗುರುವೇ, ಒಡೆಯಲಿಕ್ಕೆ! ಕ್ಲೈಮ್ಯಾಕ್ಸಿನಲ್ಲಿ ನಾಯಕ ಎತ್ತಿ ಒಗೆದ ರೌಡಿ ಸೀದಾ ಹೋಗಿ ಅದರ ಮೇಲೇ ಬೀಳಬೇಕು. ಫಳಾರ್!

1958ರ ‘ಹೌರಾ ಬ್ರಿಡ್ಜ್’ ನೋಡಿದವರಿಗೆ ಗೊತ್ತು. ಶಕ್ತಿ ಸಾಮಂತರ ಆ ಚಿತ್ರದಲ್ಲಿ ಕಥೆ ಹೊರಡುವುದೇ ಮನೆತನದ ಒಂದು ಡ್ರ್ಯಾಗನ್ ಮುಖವಾಡದ ಕಳವಿನಿಂದ. ಅದರ ಬೆನ್ನು ಹತ್ತಿ ಅಶೋಕ್ ಕುಮಾರ್ ರಂಗೂನಿನಿಂದ ಕಲಕತ್ತೆಗೆ ಬರುತ್ತಾನೆ. ಮಧುಬಾಲಾ ಇದ್ದಾಳೆ, ಹೆಲನ್ ಕುಣಿತ ಇದೆ. ಆದರೆ ಕಥೆಯನ್ನು ಎಳೆಯುವುದು ಒಂದು ಹಳೇ ಸಾಮಾನು!

ಅಂಥದೇ ಒಂದು ಹಳೇ ಸಾಮಾನು ನನ್ನನ್ನೂ ಎಳೆದುಕೊಂಡು ಹೋಗಿ ಕೆಡವಿದ ಕಥೆ ಇದು. ಇದರಲ್ಲಿ ಮಧುಬಾಲಾ ಇಲ್ಲ. ನಾನಿದ್ದೇನೆ, ನನ್ನ ತಂಗಿ ಇದ್ದಾಳೆ, ಕಮಲಾಪುರದ ಒಬ್ಬ ಮುದುಕಿ ಇದ್ದಾಳೆ.

ಬಂತು ನೋಡಿ ಫೋನು!

ನಾನು ಪಿ.ಯು.ಸಿ.ಗೆ ಅರ್ಧಕ್ಕೇ ಕೈಮುಗಿದು ಬಂದವನು. ಲೆಕ್ಕದ ಪೀರಿಯಡ್ಡಿನಲ್ಲಿ ಮ್ಯಾಟಿನಿ ಶೋ ನೋಡಿದರೆ ಇನ್ನೇನಾದೀತು! ಈಗ ಕಲಬುರಗಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹಳೇ ಬೈಕು, ಪತ್ರಿಕೆಗಳಿಗೆ ಬರೆದ ಲೇಖನಕ್ಕೆ ಬಂದಾಗ ಬಂದಷ್ಟು ರೊಕ್ಕ. ಊರು ಕಮಲಾಪುರ. ಹೌದ್ರಿ, ಕೆಂಪು ಬಾಳೆಹಣ್ಣಿನ ಕಮಲಾಪುರವೇ. ಅಪ್ಪ ಇಲ್ಲ. ಅವ್ವ ಅರ್ಧ ಎಕರೆಯಲ್ಲಿ ಬಾಳೆ ಹಾಕುತ್ತಾಳೆ. ತಂಗಿ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. ಮನೆಯಲ್ಲಿ ಓದು ಮುಗಿಸುವ ಲಕ್ಷಣ ಇರುವವಳು ಅವಳೊಬ್ಬಳೇ.

ಒಂದು ಶನಿವಾರ ಅವ್ವ ನನ್ನ ಕೈಯಲ್ಲಿ ಮೂರೂವರೆ ಸಾವಿರ ಇಟ್ಟಳು. ಬಾಳೆ ಮಾರಿದ ದುಡ್ಡು. "ತಂಗೀದು ಪರೀಕ್ಷಾ ಫೀಸ್ ತುಂಬು. ಮತ್ತ ಸಿನಿಮಾಕ್ಕ ಹಾಕಬ್ಯಾಡ ನೋಡು" ಅಂದಳು.

ಸಿನಿಮಾಕ್ಕೇ ಹಾಕಿದೆ! ಆದರೆ ಟಿಕೆಟ್ಟಿಗಲ್ಲ.

ಅದೇ ರಾತ್ರಿ ಬೆಂಗಳೂರಿನಿಂದ ಗೆಳೆಯನ ಫೋನು. ಕಲಾ ವಿಭಾಗದಲ್ಲಿ ಸಹಾಯಕ. "ಗುರೂ, ಎಪ್ಪತ್ತರ ದಶಕದ ಕಥೆ. ವಿಲನ್ ಮನೆ ಸೆಟ್ಟು. ನಿಮ್ಮ ಕಡೆ ನಿಜಾಮರ ಕಾಲದ ಚೀನೀ ಐಟಂ ಸಿಗುತ್ತಂತಲ್ಲ? ಒರಿಜಿನಲ್ ಹಳೇ ಹೂದಾನಿ ಇದ್ರೆ ಎಂಟು ಸಾವಿರದವರೆಗೂ ಕೊಡಿಸ್ತೀನಿ."

ಎಂಟು ಸಾವಿರ! ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು. ಪಿ.ಯು.ಸಿ.ಯಲ್ಲಿ ಬಾರದ ಲೆಕ್ಕ ಅವತ್ತು ಎಷ್ಟು ಚೆನ್ನಾಗಿ ಬಂತು ಅಂತೀರಿ!

ಬಿದ್ದೆ ಬಲೆಗೆ

ಮರುದಿನ ಭಾನುವಾರ. ಸೂಪರ್ ಮಾರ್ಕೆಟ್ ಕಡೆ ಹೊರಟೆ. ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಅಂಗಡಿಗಳ ಬಾಗಿಲು ಮುಂದೆ, ರಸ್ತೆ ಬದಿಗೆ, ತಾಡಪತ್ರಿ ಹಾಸಿಕೊಂಡು ಕೂಡುವವರು ಎಲ್ಲ ಕಾಲಕ್ಕೂ ಇದ್ದಾರೆ. ಹಳೇ ಬೀಗ, ಕೈಯಿಲ್ಲದ ಗಡಿಯಾರ, ತೂತು ಬಿದ್ದ ಹಂಡೆ, ರೇಡಿಯೋ ಡಬ್ಬ, ಬಿದರಿ ಕೆಲಸದ ಒಂದು ಹುಕ್ಕಾ ಬುಡ, ಚೌಕದ ತೂತಿರುವ ಚೀನೀ ನಾಣ್ಯ, ಹೊಟ್ಟೆ ಬಿಟ್ಟು ನಗುವ ಬುದ್ಧ...

ಅದರ ನಡುವೆ ನಿಂತಿತ್ತು, ನನ್ನ ಹೂದಾನಿ! ಮೊಳಕ್ಕಿಂತ ಎತ್ತರ. ಬಿಳಿ ಮೈಮೇಲೆ ನೀಲಿ ಡ್ರ್ಯಾಗನ್, ಅಡಿಯಲ್ಲಿ ಆರು ಚೀನೀ ಅಕ್ಷರ, ಮೈಯೆಲ್ಲ ಕಂದು ಬಣ್ಣದ ಜಿಡ್ಡು.

"ಎಷ್ಟಣ್ಣ?"

"ಐದು ಸಾವಿರ್ರಿ. ಜಹಗೀರದಾರರ ಮನೀದು. ಮುನ್ನೂರ ವರ್ಷದ್ದು. ಕೆಳಗ ರಾಜಾನ ಮುದ್ರಿ ಅದ ನೋಡ್ರಿ."

ನಾನು ಮುಖದಲ್ಲಿ ಏನೂ ತೋರಿಸದೆ ಎರಡು ಸಾವಿರ ಅಂದೆ. ಅವನು ನೊಂದುಕೊಂಡ. ನಾನು ನಾಲ್ಕು ಹೆಜ್ಜೆ ನಡೆದೆ. ಅವನು ಕರೆದ. ಅವನು ಅವ್ವನ ಆಣೆ ಹಾಕಿದ, ನಾನೂ ಅವ್ವನ ಆಣೆ ಹಾಕಿದೆ. ಅರ್ಧ ತಾಸಿನ ಸಂಭಾಷಣೆ, ರೀಟೇಕೇ ಇಲ್ಲ! ಮೂರು ಸಾವಿರಕ್ಕೆ ಮುಗಿಯಿತು. ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಗೆದ್ದ ಉಮೇದಿನಲ್ಲಿ ಕೋಣೆಗೆ ಬಂದು ಫೋಟೋ ಹೊಡೆದು ಗೆಳೆಯನಿಗೆ ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ: "ಗುರೂ, ಇದು ಹೊಸಾದು. ಇಲ್ಲಿ ನಾನೂರು ರೂಪಾಯಿಗೆ ಬೇಕಾದಷ್ಟಿದೆ. ತಗೊಂಡಿಲ್ಲ ತಾನೆ?"

"ಇಲ್ಲಪ್ಪ" ಅಂದೆ.

ಕಿಸೆಯಲ್ಲಿ ಐನೂರು ರೂಪಾಯಿ ಉಳಿದಿತ್ತು. ಫೀಸಿಗೆ ಕಡೆಯ ದಿನ ಶುಕ್ರವಾರ.

ಚಾಚಾನ ಪಾಠಶಾಲೆ

ದರ್ಗಾಕ್ಕೆ ಹೋಗುವ ದಾರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ವಯಸ್ಸಿನಲ್ಲಿ ಹೈದರಾಬಾದಿನ ಜುಮ್ಮೆರಾತ್ ಬಜಾರಿನಲ್ಲಿ ಹಳೇ ಸಾಮಾನಿನ ವ್ಯಾಪಾರ ಮಾಡಿದವರು. ಹೂದಾನಿ ಒಯ್ದು ಅವರ ಮುಂದಿಟ್ಟೆ. ಚಾಚಾ ನಗಲಿಲ್ಲ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರು. ಮುನ್ನೂರು ವರ್ಷದ ಜಿಡ್ಡು ಬಟ್ಟೆಗೆ ಬಂತು!

"ಚಹಾದ ನೀರು ಬೇಟಾ" ಅಂದರು.

ಆಮೇಲೆ ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಡ್ರ್ಯಾಗನ್ನಿನ ಮೈ ನೋಡಿದೆ. ಸಣ್ಣ ಸಣ್ಣ ಚುಕ್ಕೆ, ಥೇಟ್ ನಮ್ಮ ಪತ್ರಿಕೆಯಲ್ಲಿ ನಟಿಯರ ಫೋಟೋ ಅಚ್ಚಾದಾಗ ಕಾಣುವ ಚುಕ್ಕೆಗಳ ಹಾಗೆ! "ಕುಂಚದಿಂದ ಬರೆದದ್ದರಲ್ಲಿ ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು ಇರ್ತದ. ಇದು ಅಚ್ಚು ಹಾಕಿ ಅಂಟಿಸಿದ್ದು."

"ಚಾಚಾ, ಕೆಳಗೆ ರಾಜನ ಮುದ್ರೆ ಇದೆಯಲ್ಲ?"

ಅದಕ್ಕೆ ಚಾಚಾ ಹೇಳಿದ್ದನ್ನು, ಆಮೇಲೆ ನಾನು ಪುಸ್ತಕ ಹುಡುಕಿ ಓದಿದ್ದನ್ನು ಒಟ್ಟಿಗೆ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. ಆ ಆರು ಅಕ್ಷರದಲ್ಲಿ ಇರುವುದು ರಾಜವಂಶದ ಹೆಸರು, ಅರಸನ ಆಳ್ವಿಕೆಯ ಹೆಸರು. ಆದರೆ ಹಳೇ ಅರಸರ ಮುದ್ರೆಯನ್ನು ಹೊಸ ಮಾಲಿಗೆ ಹಾಕುವುದನ್ನು ಚೀನಾದ ಕುಂಬಾರರೇ ಬಹಳ ಹಿಂದೆ ಶುರು ಮಾಡಿದ್ದರು. 1661ರಿಂದ 1722ರವರೆಗೆ ಆಳಿದ ಕಾಂಗ್‌ಷಿ ಅರಸನ ಕಾಲದ ಸಾಮಾನಿನ ಮೇಲೆ ಅದಕ್ಕೂ ಇನ್ನೂರು ವರ್ಷ ಹಿಂದಿನ ಅರಸನ ಮುದ್ರೆ ಸಿಗುತ್ತದೆ! ಹಿರಿಯರ ಮೇಲಿನ ಗೌರವಕ್ಕೂ ಹಾಕಿದರು, ಮೋಸಕ್ಕೂ ಹಾಕಿದರು. ಹತ್ತೊಂಬತ್ತನೇ ಶತಮಾನದಲ್ಲಿ ಅದೇ ಕಾಂಗ್‌ಷಿಯ ಮುದ್ರೆಯನ್ನು ಇನ್ನು ಯಾರೋ ಹಾಕಿದರು. ಆದ್ದರಿಂದ ಮುದ್ರೆ ನಂಬಿ ದುಡ್ಡು ಬಿಚ್ಚಬೇಡಿ.

ಮುದ್ರೆ ಇಂಗ್ಲಿಷಿನಲ್ಲಿದ್ದರೆ ಇನ್ನೂ ಸುಲಭ. ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1891ರಿಂದ ಕಟ್ಟುನಿಟ್ಟು ಮಾಡಿತು. ‘ಚೈನಾ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಸಾಮಾನ್ಯವಾಗಿ ಅದು ಆಮೇಲಿನದು. ‘ಮೇಡ್ ಇನ್ ಚೈನಾ’ ಅಂತಿದ್ದರೆ ಇನ್ನೂ ಈಚಿನದು. ಇನ್ನೊಂದು ತಮಾಷೆ. ಸೇತುವೆ, ಬಾಗಿದ ಮರ, ಹಾರುವ ಎರಡು ಹಕ್ಕಿ ಇರುವ ನೀಲಿ ತಟ್ಟೆ ನೋಡಿದ್ದೀರಲ್ಲ? ನೂರಕ್ಕೆ ತೊಂಬತ್ತು ಜನ ಅದನ್ನು ಚೀನೀ ಅನ್ನುತ್ತಾರೆ. ಆ ಚಿತ್ರ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಚೀನೀ ಮಾಲನ್ನು ನೋಡಿ ಮಾಡಿದ ಅನುಕರಣೆ!

"ಹಾಗಾದರೆ ಏನು ನೋಡಬೇಕು ಚಾಚಾ?"

ಚಾಚಾ ಹೂದಾನಿ ಬೋರಲು ಹಾಕಿದರು. "ಎಲ್ಲಾರೂ ಮುಖ ನೋಡ್ತಾರ. ನೀ ಪಾದ ನೋಡು." ಅಡಿಯಲ್ಲಿ ನೆಲಕ್ಕೆ ತಾಗುವ ಬಳೆಯಂಥ ಅಂಚು ಇರುತ್ತದಲ್ಲ, ಅಲ್ಲಿ ಮೆರುಗು ಇರುವುದಿಲ್ಲ, ಬರೀ ಮಣ್ಣು. ನೂರಾರು ವರ್ಷ ಎತ್ತಿ ಇಟ್ಟದ್ದಾದರೆ ಅದು ಬೆರಳಿಗೆ ನುಣ್ಣಗೆ ಹತ್ತುತ್ತದೆ. ಹೊಸದು ಗರಗರ. ಮೈಮೇಲಿನ ಗೀರು ಬಳಕೆಯಿಂದ ಬಿದ್ದದ್ದಾದರೆ ಅಡ್ಡಾದಿಡ್ಡಿ ಇರುತ್ತವೆ. ಕಾಗದ ಹಾಕಿ ತಿಕ್ಕಿದ್ದಾದರೆ ಎಲ್ಲ ಒಂದೇ ದಿಕ್ಕಿಗೆ.

ನನ್ನ ಹೂದಾನಿಯ ಪಾದ ಗರಗರ ಅಂದಿತು.

ಅಪ್ಪನ ಟ್ರಂಕು

ಈಗ ಫೀಸಿಗೆ ಏನು ಮಾಡುವುದು? ಸಾಲ ಕೇಳಿದೆ, ಹುಟ್ಟಲಿಲ್ಲ. ಮಾರಲಿಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಒಂದು. ಅಪ್ಪನ ಟ್ರಂಕು.

ಅಪ್ಪ ಸಿನಿಮಾ ಹುಚ್ಚಿನವರು. ಆ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ತೆಳ್ಳಗೆ ನಾಲ್ಕಾರು ಪುಟ, ಮೇಲೆ ಬಣ್ಣದ ಚಿತ್ರ, ಒಳಗೆ ಕಥಾಸಾರಾಂಶ, ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ’ ಅಂತ ಕೊನೆ. ಅಂಥವು ನಲವತ್ತೆರಡು. 1968ರ ‘ಜೇಡರ ಬಲೆ’, 1972ರ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’, 1973ರ ‘ಗಂಧದ ಗುಡಿ’... ಒಂದೊಂದರ ಹಿಂದೆ ಅಪ್ಪನ ಅಕ್ಷರದಲ್ಲಿ ನೋಡಿದ ದಿನ, ಕೂತ ಕ್ಲಾಸು. ನಾನು ಸಿನಿಮಾ ಬರಹಗಾರ ಆಗಿದ್ದರೆ ಅದು ಆ ಟ್ರಂಕಿನಿಂದ.

ಹಳೇ ಸಿನಿಮಾ ಕಾಗದ ಕೊಳ್ಳುವ ಒಬ್ಬ ಸಂಗ್ರಾಹಕರ ಪರಿಚಯ ಇತ್ತು. ಗುರುವಾರ ಬೆಳಿಗ್ಗೆ ಬಂದರು. ಒಂದೊಂದೇ ತಿರುವಿ ನೋಡಿದರು. "ಎಷ್ಟು?"

"ಮೂರು ಸಾವಿರ" ಅಂದೆ. ಅಷ್ಟೇ ಬೇಕಿತ್ತಲ್ಲ!

ಅವರು ತುಟಿ ಎರಡು ಮಾಡದೆ ಎಣಿಸಿ ಕೊಟ್ಟರು. ಎತ್ತಿಕೊಂಡು ಹೋದರು.

ಫೀಸು ತುಂಬಿದೆ. ತಂಗಿಗೆ ರಸೀದಿ ಕೊಟ್ಟೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ಹೋದದ್ದಕ್ಕಲ್ಲ... ಸರಿ, ಅದಕ್ಕೂ ಹೌದು. ಆದರೆ ಹೆಚ್ಚು ಚುಚ್ಚಿದ್ದು ಇನ್ನೊಂದು. ಅವರು ಚೌಕಾಸಿ ಯಾಕೆ ಮಾಡಲಿಲ್ಲ?

ಹಸಿರು ತಟ್ಟೆ

ಆಮೇಲೆ ಒಂದು ಲೇಖನದ ಕೆಲಸಕ್ಕೆ ಹೈದರಾಬಾದಿಗೆ ಹೋಗಬೇಕಾಯಿತು. ಚಾಚಾ ಹೇಳಿ ಕಳಿಸಿದ್ದರು: "ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬಾ. ಖರೇ ಮಾಲು ನೋಡದೇ ಖೋಟಾ ತಿಳಿಯೂದಿಲ್ಲ."

ಹೋದೆ. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ಕೂಡಿಸಿಟ್ಟ ಸಾಮಾನಿನಿಂದ 1951ರಲ್ಲಿ ತೆರೆದ ವಸ್ತುಸಂಗ್ರಹಾಲಯ ಅದು. ಚೀನೀ ಪಿಂಗಾಣಿಯ ಮುಂದೆ ನಿಂತೆ. ನೀಲಿ ಡ್ರ್ಯಾಗನ್ ಹುಡುಕಿ ಹೋದವನ ಕಾಲು ಕಟ್ಟಿ ನಿಲ್ಲಿಸಿದ್ದು ದಪ್ಪ ದಪ್ಪನೆಯ ಹಸಿರು ತಟ್ಟೆಗಳು. ಎಳೆ ಬಾಳೆಲೆಯ ಬಣ್ಣ. ನಮ್ಮ ದಖ್ಖನಿನಲ್ಲಿ ಇದಕ್ಕೆ ‘ಗೋರಿ’ ಅನ್ನುತ್ತಿದ್ದರು. ವಿಷ ಬೆರೆಸಿದ ಊಟ ಬಡಿಸಿದರೆ ತಟ್ಟೆ ಬಿರುಕು ಬಿಡುತ್ತದೆ ಅಂತ ನಂಬಿಕೆ! ವಿಷಕ್ಕೆ ಪಿಂಗಾಣಿ ಒಡೆಯುವುದಿಲ್ಲ, ಅದು ಕಟ್ಟುಕಥೆ. ಆದರೆ ಅಣ್ಣ ತಮ್ಮನಿಗೇ ಹೆದರುವ ಅರಮನೆಯಲ್ಲಿ ಅಂಥ ಕಥೆಗೆ ಬೆಲೆ ಇತ್ತು.

ಚೀನೀ ಮಾಲು ಈ ನಾಡಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ನಮ್ಮ ಗುಲಬರ್ಗಾವೇ ಮೊದಲ ರಾಜಧಾನಿ. ಅವರಿಗೆ ಪಶ್ಚಿಮ ಕರಾವಳಿಯಲ್ಲಿ ದಾಭೋಳದಂಥ ಬಂದರು ಇತ್ತು. ಚೀನಾದ ಸೇನಾನಿ ಝೆಂಗ್ ಹೆಯ ಹಡಗುಗಳು 1405ರಿಂದ 1433ರ ನಡುವೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದವು. ಹಡಗಿನಿಂದ ಬಂದರಿಗೆ, ಬಂದರಿನಿಂದ ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿ ಅರಮನೆಗೆ. ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲೂ ಚೀನೀ ಪಿಂಗಾಣಿ ಇದೆ, ನೋಡಿ. ಮುಂದೆ ನಿಜಾಮರ ಕಾಲದಲ್ಲಿ ಜಹಗೀರದಾರರ ಮನೆಗಳಲ್ಲೂ ಇಂಥವು ಸೇರಿದವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1949ರಲ್ಲಿ ಜಹಗೀರು ರದ್ದಾಯಿತು. ದೊಡ್ಡ ಮನೆಗಳ ಸಾಮಾನು ಒಂದೊಂದಾಗಿ ಬೀದಿಗೆ ಇಳಿಯಿತು. ಆ ಸತ್ಯದ ನೆರಳಿನಲ್ಲೇ ನನಗೆ ಹೂದಾನಿ ಮಾರಿದವನ ಸುಳ್ಳು ಕೂತಿತ್ತು!

ಕಮಲಾಪುರದ ಆಯಿ

ಊರಿಗೆ ಹೋದೆ. ಬೀದರ ಬಸ್ಸು, ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ. ಹೂದಾನಿಯನ್ನೂ ಒಯ್ದಿದ್ದೆ, ಕೋಣೆಯಲ್ಲಿ ಅದರ ಮುಖ ನೋಡಲಾಗದೆ. "ಗೆಳೆಯ ಕೊಟ್ಟಾನ" ಅಂತ ಅವ್ವನಿಗೆ ಸುಳ್ಳು ಹೇಳಿದೆ.

ಓಣಿಯಲ್ಲಿ ಸುದ್ದಿ ಹಬ್ಬಿತು, ಪೇಪರಿನವ ಹಳೇ ಸಾಮಾನು ತಗೋತಾನ ಅಂತ. ಸಂಜೆ ಪಕ್ಕದ ಮನೆಯ ಆಯಿ ಬಂದಳು, ಸೆರಗಿನಲ್ಲಿ ಏನೋ ಮುಚ್ಚಿಕೊಂಡು.

"ತಮ್ಮಾ, ಇದು ತಗೋತೀಯೇನು? ಮೊಸರಿನ ಗಡಿಗಿ ಮ್ಯಾಲ ಮುಚ್ಚತಿದ್ದೆ. ಸ್ಟೀಲಿನವ ಒಂದ್ ತಾಟು ಕೊಡ್ತೀನಂದ. ನೀ ಒಂದ್ ನೂರ ಕೊಡು, ಗುಳಿಗಿ ತರೂದದ."

ಹಸಿರು ತಟ್ಟೆ!

ನನ್ನ ಕೈ ನಡುಗಿತು. ದಪ್ಪ, ಭಾರ. ಮೆರುಗಿನ ಅಡಿಯಲ್ಲಿ ಕೊರೆದ ಒಂದು ಹೂವು, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಂಥದ್ದು. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಬೋರಲು ಹಾಕಿದೆ. ಮೆರುಗಿಲ್ಲದ ಕಡೆ ಇಟ್ಟಿಗೆಗೆಂಪು ಬಣ್ಣದ ಬಳೆ. ಬೆರಳಾಡಿಸಿದೆ. ನುಣುಪು.

"ಎಲ್ಲಿಂದ ಬಂತು ಆಯಿ?"

"ನಮ್ಮತ್ತಿ ಗುಲಬರ್ಗಾದಾಗ ದೊಡ್ಡವರ ಮನ್ಯಾಗ ಕೆಲಸಕ್ಕಿದ್ದಳು. ರಜಾಕಾರರ ಗದ್ದಲ ಆದ ಮರುವರ್ಷ ಅವರು ಊರು ಬಿಟ್ಟ್ ಹೋದ್ರು. ಪಗಾರ ಕೊಡ್ಲಿಕ್ಕ ರೊಕ್ಕ ಇದ್ದಿಲ್ಲಂತ, ಇದು ಕೊಟ್ಟ್ ಹೋದ್ರು."

ಮಿತ್ರರೇ, ಈಗ ಕ್ಯಾಮೆರಾ ನನ್ನ ಮುಖಕ್ಕೆ ಬರಲಿ. ಕಿಸೆಯಲ್ಲಿ ನೂರರ ನೋಟು ಮೂರು ಇದ್ದವು. ಒಂದನ್ನು ತೆಗೆದುಕೊಟ್ಟರೆ ತಟ್ಟೆ ನನ್ನದು. ಆಯಿಗೆ ಖುಷಿ, ನನಗೆ ಹೋದ ಮೂರು ಸಾವಿರದ ಹತ್ತುಪಟ್ಟು ಬಂದರೂ ಬಂದೀತು. ಇದರಲ್ಲಿ ಸುಳ್ಳು ಹೇಳಬೇಕಾಗಿಯೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು! ಸೂಪರ್ ಮಾರ್ಕೆಟ್ಟಿನವನು ನನಗೆ ಮೋಸ ಮಾಡಲಿಕ್ಕೆ ಅರ್ಧ ತಾಸು ಬಾಯಿ ಬಡಿದುಕೊಂಡ. ನಾನು ಬರೀ ಸುಮ್ಮನಿದ್ದರೆ ಅವನನ್ನು ಮೀರಿಸುತ್ತಿದ್ದೆ.

ಆಗ ನೆನಪಾದದ್ದು ಅಪ್ಪನ ಟ್ರಂಕು. ತುಟಿ ಎರಡು ಮಾಡದೆ ಎಣಿಸಿದ ಆ ಕೈ.

"ಆಯಿ, ಇದು ಬೆಲೆ ಬಾಳೋ ಸಾಮಾನು ಇದ್ದಂಗದ. ಚೀನಾದ್ದು, ಬಹಳ ಹಳೇದು ಇರಬಹುದು. ನೂರಕ್ಕ ಕೊಡಬ್ಯಾಡ. ನಾ ತಿಳಿದವ್ರಿಗೆ ತೋರಿಸಿ ಹೇಳ್ತೀನಿ."

ಆಯಿ ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು.

"ಬೆಲಿ ಹೇಳಿದ್ರ ಹೊಟ್ಟಿ ತುಂಬ್ತದೇನೋ ಯಪ್ಪಾ? ಗುಳಿಗಿ ಇವತ್ತ ಬೇಕು."

ಎರಡು ನೂರು ಕೈಗಡ ಕೊಟ್ಟೆ. ಫೋನಿನಲ್ಲಿ ತಟ್ಟೆಯ ಮುಖ, ಪಾದ ಎರಡರ ಫೋಟೋ ತೆಗೆದುಕೊಂಡೆ. "ಯಾರಿಗೂ ಕೊಡಬ್ಯಾಡ" ಅಂತ ಮತ್ತೊಮ್ಮೆ ಹೇಳಿ ಬಸ್ಸು ಹತ್ತಿದೆ. ಎದೆ ಉಬ್ಬಿತ್ತು. ನಾಯಕ ಅಂದರೆ ನಾನೇ ಅಂತ!

ಚಾಚಾ ಫೋಟೋ ನೋಡಿ ಬಹಳ ಹೊತ್ತು ಸುಮ್ಮನಿದ್ದರು. "ಕೈಯಾಗ ಹಿಡೀದೇ ಹೇಳಬಾರದು. ಆದ್ರ ಜಲ್ದಿ ತರಿಸು" ಅಂದರು. ನೂರು ವರ್ಷ ಮೀರಿದ ಸಾಮಾನಿಗೆ 1972ರ ಕಾಯಿದೆ ಇದೆ, 1976ರಿಂದ ಜಾರಿಯಲ್ಲಿದೆ, ಅದನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸು ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ ಅಂತಲೂ ಹೇಳಿದರು. ಹೈದರಾಬಾದಿನಲ್ಲಿ ತಿಳಿದವರೊಬ್ಬರ ಹೆಸರು ಕೊಟ್ಟರು.

ನಾನೇನು ಮಾಡಿದೆ? ಅದೇ ವಾರ ಎರಡು ಚಿತ್ರ ಬಿಡುಗಡೆ. ನಂತರ ಒಂದು ಸಂದರ್ಶನ. ನಾಳೆ ಹೋಗೋಣ, ನಾಡಿದ್ದು ಹೋಗೋಣ... ಮೂರು ವಾರ ಕಳೆಯಿತು.

ಕಡೆಯ ರೀಲು

ಊರಿಗೆ ಹೋದಾಗ ಆಯಿ ಬಾಗಿಲಲ್ಲೇ ಸಿಕ್ಕಳು. ಮುಖ ತುಂಬ ನಗು. ಸೊಂಟದ ಚೀಲ ಬಿಚ್ಚಿ ಎರಡು ನೂರು ನನ್ನ ಕೈಗೆ ತುರುಕಿದಳು.

"ನಿನ್ನ ಋಣ ತೀರ್ತು ನೋಡಪ್ಪ. ನೀ ಹೇಳಿದ್ದು ಚಲೋ ಆಯ್ತು! ಕಾರ್ ತಗೊಂಡ್ ಒಬ್ಬವ ಬಂದಿದ್ದ, ಹಳೇ ಸಾಮಾನ ಕೇಳ್ಕೋತ. ನೂರ ಅಂದ. ನಾ ಬಿಡ್ತೀನೇನು? ಇದು ಚೀನಾದ್ದು, ಬೆಲಿ ಅದ, ಏಳ್ನೂರಕ್ಕ ಒಂದ್ ಪೈಸಾ ಕಮ್ಮಿ ಇಲ್ಲ ಅಂದೆ. ತುಟಿ ಪಿಟಕ್ ಅನ್ಲಿಲ್ಲ, ಎಣಿಸಿ ಕೊಟ್ಟ್ ಹೋದ!"

ತುಟಿ ಪಿಟಕ್ ಅನ್ನಲಿಲ್ಲ...

ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಅವಳ ಏಳುನೂರು ಆ ಕ್ಷಣಕ್ಕೇ ಸುಟ್ಟು ಬೂದಿಯಾಗುತ್ತಿತ್ತು. ಅವಳು ಕೊಟ್ಟ ಕೆಂಪು ಬಾಳೆಹಣ್ಣು ತಿಂದೆ. ಗಂಟಲಲ್ಲಿ ಇಳಿಯಲಿಲ್ಲ. ಆ ತಟ್ಟೆ ಖರೇ ಹಳೇದೋ ಅಲ್ಲವೋ, ಈಗ ಯಾವ ಕಪಾಟಿನಲ್ಲಿದೆಯೋ! ಮೂರು ವಾರ ತಡ ಮಾಡಿದವನು ನಾನು. ಮೋಸ ಮಾಡಲಿಲ್ಲ ಅಂತ ಎದೆ ಉಬ್ಬಿಸಿಕೊಂಡೆ. ಆದರೆ ಅರ್ಧ ಹೇಳಿ ಬಿಟ್ಟ ಸತ್ಯ ಕಾರಿನವನ ಕೆಲಸವನ್ನೇ ಸುಲಭ ಮಾಡಿತು.

ಹಳೇ ಸಾಮಾನಿನ ಬಜಾರಿನಲ್ಲಿ ಮಾರಾಟವಾಗುವುದು ಸಾಮಾನಲ್ಲ ಮಿತ್ರರೇ, ತಿಳಿವಳಿಕೆ. ತಿಳಿದವನು ತಿಳಿಯದವನಿಂದ ಎತ್ತಿಕೊಂಡು ಹೋಗುತ್ತಾನೆ. ಆದ್ದರಿಂದ ನಿಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನ ಹಾಡಿನ ಪುಸ್ತಕ, ಅಡಿಗೆಮನೆಯಲ್ಲಿ ಮುತ್ತಜ್ಜಿಯ ಬರಣಿ, ಬಸಿ ಏನಾದರೂ ಇದ್ದರೆ ಮೊದಲು ಪಾದ ನೋಡಿ. ತಿಳಿದ ಇಬ್ಬರನ್ನು ಕೇಳಿ. ನೀವು ಹೇಳಿದ ರೇಟಿಗೆ ಎದುರಿನವನು ಚೌಕಾಸಿ ಮಾಡದೆ ಕಿಸೆಗೆ ಕೈ ಹಾಕಿದನೋ, ತಟ್ಟನೆ ಸಾಮಾನು ಹಿಂದಕ್ಕೆ ಎಳೆದುಕೊಳ್ಳಿ!

ನನ್ನ ಮೂರು ಸಾವಿರದ ಹೂದಾನಿ ಈಗ ಕಮಲಾಪುರದ ನಮ್ಮ ಮನೆಯಲ್ಲಿದೆ. ಅವ್ವ ಅದರಲ್ಲಿ ಕೊಡೆ ನಿಲ್ಲಿಸುತ್ತಾಳೆ. ಗೆಳೆಯ ಕೊಟ್ಟದ್ದು ಅಂತಲೇ ಇವತ್ತಿಗೂ ತಿಳಿದಿದ್ದಾಳೆ. ಅವ್ವನಿಗೆ ಓದಲು ಬಾರದು. ಆದರೆ ತಂಗಿ ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆ, ಓದಿ ಹೇಳಿಯೂ ಹೇಳುತ್ತಾಳೆ.

ಈ ಸಂಚಿಕೆ ಬಸ್‌ಸ್ಟ್ಯಾಂಡಿಗೆ ಬಂದ ವಾರ ನಾನು ಊರ ಕಡೆ ಹೋಗುವುದಿಲ್ಲ!